ಕ್ರೆಟಾ ದುಡ್ಡಿಗೆ ಗ್ರ್ಯಾಂಡ್ ಟೂರರ್ ಬರುತ್ತೆ ನಿಜ, ಉಳಿದ ಲೆಕ್ಕಾನೂ ಹಾಕಿ ಸಾರ್

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರಿನ ಬಗ್ಗೆ ಅರ್ಧ ಪುಟ ಬರ್ದಿದ್ರಲ್ಲ, ಹೊಸ ಕ್ರೆಟಾ ದುಡ್ಡಿಗೆ 70 ಲಕ್ಷದ ಕಾರು ಸಿಗುತ್ತೆ ಅಂತ, ಅದನ್ನ ಓದ್ಕೊಂಡು ನಮ್ಮ ಪಕ್ಕದ ಮನೆ ಹುಡುಗ ಸೋಮವಾರ ಬೆಳಿಗ್ಗೆ ನಾನು ಇನ್ನೂ ಕಾಫಿ ಕುಡಿದಿಲ್ಲ ಆಗ್ಲೇ ಗೇಟ್ ಹತ್ರ ಬಂದು ನಿಂತಿದ್ದ. ಒಂದು ಕೈಯಲ್ಲಿ ನಿಮ್ಮ ಪೇಪರು, ಇನ್ನೊಂದು ಕೈಯಲ್ಲಿ ಮೊಬೈಲು. "ಅಂಕಲ್, ನಿಮ್ಮ ಕಾರ್ ಥರದ್ದೇ, ಬರೀ 19 ಲಕ್ಷ ಅಂತೆ, ತಗೊಂಡ್ಬಿಡ್ಲಾ?" ಅವನಿಗೆ ಇಬ್ಬರು ಚಿಕ್ಕ ಮಕ್ಕಳು, ಮನೆ ಲೋನ್ ಇದೆ, ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರ್ತಾನೆ. ಒಂದೇ ಮಾತಲ್ಲಿ ಬೇಡ ಅಂದ್ರೆ ಇವನಿಗೆ ಹೊಟ್ಟೆಕಿಚ್ಚು ಅಂದ್ಕೊಳ್ತಾನೆ, ತಗೋ ಅಂದ್ರೆ ಪಾಪ ನನಗೆ ಸುತ್ಕೊಳುತ್ತೆ. ಅದಕ್ಕೇ ಈ ಪತ್ರ.

ನಾನು ತುಮಕೂರಲ್ಲಿ ಪೈಪು, ಮೋಟರ್ ಪಂಪಿನ ಅಂಗಡಿ ಇಟ್ಕೊಂಡಿರೋನು, ಬರೆಯೋದು ಅಂದ್ರೆ ಬಿಲ್ ಬುಕ್ ಅಷ್ಟೇ ಗೊತ್ತು, ಉದ್ದ ಆದ್ರೆ ನೀವೇ ಕತ್ತರಿಸ್ಕೊಳ್ಳಿ. ಎರಡೂವರೆ ವರ್ಷದಿಂದ ಇಂಥದ್ದೊಂದು ಗ್ರ್ಯಾಂಡ್ ಟೂರಿಂಗ್ ಕಾರು ಸಾಕ್ತಾ ಇದ್ದೀನಿ. 2018ರ ಮಾಡೆಲ್ಲು, 3 ಲೀಟರ್ ಡೀಸೆಲ್, ಆರು ಸಿಲಿಂಡರು. ಯಾವ ಕಂಪನಿದು ಅಂತ ಹೇಳಲ್ಲ, ಯಾಕಂದ್ರೆ ನಾನು ಮುಂದೆ ಹೇಳೋದೆಲ್ಲ ಕಂಪನಿ ತಪ್ಪಲ್ಲ, ವಯಸ್ಸಾದ ಕಾರಿಗೆ ವಯಸ್ಸಾದ ಕಾಯಿಲೆ.

ಮೊದಲು ಈ ಗ್ರ್ಯಾಂಡ್ ಟೂರಿಂಗ್ ಅನ್ನೋ ಪದ. ನಿಮ್ಮ ಲೇಖನದಲ್ಲಿ ಲಕ್ಷುರಿ ಕಾರು, ಸ್ಪೋರ್ಟ್ಸ್ ಕಾರು, ಎಸ್‌ಯುವಿ ಎಲ್ಲಾ ಒಂದೇ ಪಾತ್ರೆಗೆ ಹಾಕಿ ಚಿತ್ರಾನ್ನ ಕಲಸಿದ್ದೀರಿ. ಜಿಟಿ ಅಂದ್ರೆ ಇಟಲಿಯವರ ಗ್ರಾನ್ ಟುರಿಸ್ಮೋ, ದೂರದೂರಿಗೆ ಜೋರಾಗಿ ಆದ್ರೆ ಸುಸ್ತಾಗದೆ ಹೋಗೋಕೆ ಅಂತ ಮಾಡಿದ ಗಾಡಿ. 1947ರಲ್ಲಿ ಜಿನೀವಾ ಮೋಟರ್ ಶೋನಲ್ಲಿ ಮಸೆರಾಟಿಯವರು ಎ6 1500 ತೋರಿಸಿದ್ರು, 1951ರಲ್ಲಿ ಲಾಂಚಿಯಾ ಔರೇಲಿಯಾ ಬಿ20 ಜಿಟಿ ಬಂತು, ಅಲ್ಲಿಂದ ಈ ಜಾತಿ ಬೆಳೆದಿದ್ದು. ನಮ್ಮಲ್ಲಿ ಪೋಲೋ ಹಿಂದೇನೂ ಜಿಟಿ ಅಂತ ಬರ್ದಿತ್ತು, ಅದು ಬಿಡಿ. ಇಲ್ಲಿ ಶೋರೂಮಲ್ಲಿ ಸಿಕ್ಕಿದ್ದು ಅಂದ್ರೆ ಬಿಎಂಡಬ್ಲ್ಯು 3 ಸೀರೀಸ್ ಜಿಟಿ, ಆಮೇಲೆ 2018ರ ಆಟೋ ಎಕ್ಸ್‌ಪೋದಲ್ಲಿ 58.9 ಲಕ್ಷಕ್ಕೆ ಬಿಟ್ಟ 6 ಸೀರೀಸ್ ಜಿಟಿ, ಆಡಿ ಎ7, ಮರ್ಸಿಡಿಸ್ ಸಿಎಲ್‌ಎಸ್ ಇಂಥವು, ಅದಕ್ಕೂ ಮೇಲೆ ಬೆಂಟ್ಲಿ, ಮಸೆರಾಟಿ, ಅದು ನಮ್ಮ ಲೆವೆಲ್ ಅಲ್ಲ. ಇವೆಲ್ಲ ನೆಲಕ್ಕೆ ಹತ್ರ, ಉದ್ದ, ಅಗಲ, ಭಾರ. ಊರೊಳಗೆ ಮಾರ್ಕೆಟ್‌ಗೆ ಹೋಗೋ ಗಾಡಿ ಅಲ್ಲವೇ ಅಲ್ಲ.

ನನ್ನ ಮಗಳು ಧಾರವಾಡದಲ್ಲಿ ಓದ್ತಾಳೆ, ತಿಂಗಳಿಗೊಂದು ಸಲ ಹೋಗಿ ಬರೋದು ಇದೆ, ಅದಕ್ಕೆ ಅಂತ ನೆಪ ಇಟ್ಕೊಂಡು ಹುಡುಕೋಕೆ ಶುರು ಮಾಡಿದೆ. ನೆಪ ಅಂತ ಯಾಕಂದೆ ಅಂದ್ರೆ ಧಾರವಾಡಕ್ಕೆ ಟ್ರೈನೂ ಇದೆ, ಬಸ್ಸೂ ಇದೆ. ನಾಲ್ಕು ತಿಂಗಳು ಹುಡುಕಿದೆ. ಬ್ರೋಕರ್‌ಗಳು ವಾಟ್ಸಾಪಲ್ಲಿ ಕಳಿಸೋ ಕಾರೆಲ್ಲ ಡಾಕ್ಟರ್ ಓಡಿಸಿದ್ದೇ ಇರುತ್ತೆ ನೋಡಿ. ಸಿಂಗಲ್ ಓನರ್, ಡಾಕ್ಟರ್ ಡ್ರಿವನ್, ನಾನ್ ಸ್ಮೋಕರ್. ಅಷ್ಟೊಂದು ಡಾಕ್ಟರ್‌ಗಳು ಕಾರು ಮಾರ್ತಾ ಕೂತ್ರೆ ಪೇಷಂಟ್ ನೋಡೋದು ಯಾವಾಗ?

ಅದರಲ್ಲೊಂದು ಡೆಲ್ಲಿ ಕಾರು. ನಾನು ಆಮೇಲೆ ತಗೊಂಡ ಕಾರಿನದೇ ಮಾಡೆಲ್ಲು, ಅದೇ ವರ್ಷ, 28 ಸಾವಿರ ಕಿ.ಮೀ. ಮಾತ್ರ, ರೇಟು ಹದಿನಾರೂವರೆ ಲಕ್ಷ. ಕೆಎ ನಂಬರಿನದು ಬೆಂಗಳೂರಲ್ಲಿ 24 ಕೇಳ್ತಿದ್ರು. ಏಳೂವರೆ ಲಕ್ಷ ಉಳೀತು ಅಂತ ನಾನು ಅವತ್ತು ರಾತ್ರಿ ನಿದ್ದೆ ಮಾಡಿಲ್ಲ. ಅಲ್ಲಿ ಯಾಕೆ ಅಷ್ಟು ಕಮ್ಮಿ ಅಂದ್ರೆ ಡೆಲ್ಲಿ ಸುತ್ತಮುತ್ತ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅಷ್ಟೇ ಆಯಸ್ಸು ಅಂತ ಹಸಿರು ನ್ಯಾಯಮಂಡಳಿ 2014-15ರಲ್ಲಿ ಹೇಳ್ತು, 2018ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಅಂದ್ರೆ ಐದು ವರ್ಷದ ಡೀಸೆಲ್ ಕಾರಿಗೆ ಅಲ್ಲಿ ಅರ್ಧ ಆಯಸ್ಸು ಮುಗೀತು ಅಂತ ಆಗ ಲೆಕ್ಕ ಇತ್ತು, ಅದಕ್ಕೇ ಕೈಗೆ ಸಿಕ್ಕ ರೇಟಿಗೆ ಬಿಡ್ತಿದ್ರು. ನಿಮ್ಮ ಲೇಖನದಲ್ಲೂ ಬರೆದಿದ್ದೀರಿ, ಡೆಲ್ಲಿಯಿಂದ ತಂದ್ರೆ ಅಗ್ಗ ಅಂತ. ಅಲ್ಲಿಗೇ ಫುಲ್ ಸ್ಟಾಪ್ ಇಟ್ಬಿಟ್ಟಿದ್ದೀರಿ.

ನಾನು ಬೆಳಿಗ್ಗೆ ಎದ್ದು ನಮ್ಮ ಆರ್‌ಟಿಒ ಆಫೀಸ್ ಎದುರು ಕೂರೋ ಏಜೆಂಟ್ ಹತ್ರ ಹೋದೆ. ಹಳೇ ಪರಿಚಯ, ನಮ್ಮ ಅಂಗಡಿಯಲ್ಲೇ ಬೋರ್‌ವೆಲ್ ಮೋಟರ್ ತಗೊಂಡೋನು. ಅವನು ಕೇಳಿದ ಮೊದಲ ಪ್ರಶ್ನೆ, "ಅಣ್ಣ, ಹೊಸದರಲ್ಲಿ ಇನ್‌ವಾಯ್ಸ್ ಎಷ್ಟಿತ್ತು?" ನಾನು ಎಷ್ಟಕ್ಕೆ ತಗೋತೀನಿ ಅಂತ ಕೇಳಲೇ ಇಲ್ಲ. 68 ಲಕ್ಷ ಅಂದೆ. ಕ್ಯಾಲ್ಕ್ಯುಲೇಟರ್ ತೆಗೆದ. ನಮ್ಮ ರಾಜ್ಯದಲ್ಲಿ 20 ಲಕ್ಷದ ಮೇಲಿನ ಕಾರಿಗೆ ಲೈಫ್ ಟ್ಯಾಕ್ಸು ಶೇ 18, ಅದರ ಮೇಲೆ ಸೆಸ್ಸು. ಹೊರ ರಾಜ್ಯದ ಹಳೇ ಕಾರಿಗೆ ವಯಸ್ಸು ನೋಡಿ ಸ್ವಲ್ಪ ಇಳಿಸ್ತಾರೆ, ಆದ್ರೆ ಇಳಿಸೋದಕ್ಕೆ ಶುರು ಮಾಡೋದು ಆ 68 ಲಕ್ಷದಿಂದ, ನೀವು ಕೊಟ್ಟ ಹದಿನಾರೂವರೆಯಿಂದ ಅಲ್ಲ. ಚೀಟಿ ಮೇಲೆ ಬರೆದುಕೊಟ್ಟ, 9 ಲಕ್ಷದ ಮೇಲೆ ಇತ್ತು. ಡೆಲ್ಲಿ ಆರ್‌ಟಿಒದಿಂದ ಆಕ್ಷೇಪಣೆ ಇಲ್ಲ ಅನ್ನೋ ಎನ್‌ಒಸಿ ಪತ್ರದ ಖರ್ಚು, ಲಾರಿ ಮೇಲೆ ಹಾಕ್ಕೊಂಡು ಬರೋದು ಎಲ್ಲಾ ಸೇರಿ 26 ಲಕ್ಷ ದಾಟ್ತು, ಕೆಎ ನಂಬರಿನ ಕಾರಿಗಿಂತ ಎರಡು ಲಕ್ಷ ಜಾಸ್ತಿ! ಡೆಲ್ಲಿಯಲ್ಲಿ ಕಟ್ಟಿದ ಟ್ಯಾಕ್ಸ್ ಒಂದಿಷ್ಟು ವಾಪಸ್ ಕೇಳಬಹುದು ಅಂತಾರೆ, ಕೇಳಬಹುದು, ಆದ್ರೆ ಮೊದಲು ಇಲ್ಲಿ ಪೂರ್ತಿ ಕಟ್ಟಿ ಆಮೇಲೆ ಅರ್ಜಿ ಹಿಡ್ಕೊಂಡು ಅಲ್ಲಿಗೆ ಅಲೆಯೋದು ಯಾರು, ಅಂಗಡಿ ನೋಡ್ಕೊಳ್ಳೋರು ಯಾರು.

ಟ್ಯಾಕ್ಸ್ ಕಟ್ಟದೇ ಅದೇ ನಂಬರಲ್ಲಿ ಓಡಿಸಿ, ಯಾರೂ ಕೇಳಲ್ಲ ಅಂತ ಬ್ರೋಕರ್ ಹೇಳ್ದ. ಹೇಳ್ತಾನೆ, ಅವನದೇನು ಹೋಗುತ್ತೆ. ಮೋಟರು ವಾಹನ ಕಾಯ್ದೆ 47ನೇ ಸೆಕ್ಷನ್ ಪ್ರಕಾರ 12 ತಿಂಗಳಿಗಿಂತ ಜಾಸ್ತಿ ಇನ್ನೊಂದು ರಾಜ್ಯದಲ್ಲಿ ಇಟ್ಕೊಂಡ್ರೆ ಅಲ್ಲಿನ ನಂಬರ್ ಹಾಕಿಸ್ಲೇಬೇಕು. 2025ರ ಫೆಬ್ರವರೀಲಿ ಬೆಂಗಳೂರಲ್ಲಿ ಸಾರಿಗೆ ಇಲಾಖೆಯವರು ಒಂದೇ ಏಟಿಗೆ 30 ಲಕ್ಷುರಿ ಕಾರು ಹಿಡಿದ್ರಲ್ಲ, ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಸುಮಾರು 1.42 ಕೋಟಿ ಟ್ಯಾಕ್ಸ್ ಕಟ್ಟಿಸ್ಕೊಂಡ್ರಲ್ಲ, ನಿಮ್ಮ ಪೇಪರಲ್ಲೇ ಫೋಟೋ ಬಂದಿತ್ತು. ಫೆರಾರಿಯವರು ಸಂಜೆಯೊಳಗೆ ಕಟ್ಟಿ ಬಿಡಿಸ್ಕೊಂಡು ಹೋಗ್ತಾರೆ. ನಮ್ಮ ಪಕ್ಕದ ಮನೆ ಹುಡುಗ ಏನು ಮಾಡ್ಬೇಕು?

ಸರಿ, ಕೆಎ ನಂಬರೇ ತಗೊಳ್ಳೋಣ ಅಂತ ಬೆಂಗಳೂರಲ್ಲಿ ಸುತ್ತಾಡೋಕೆ ಹೋದೆ. ಆಗ ಮಾರ್ಕೆಟ್ ತುಂಬಾ ನೀರು ಕುಡಿದ ಕಾರುಗಳು. 2022ರ ಸೆಪ್ಟೆಂಬರ್ ಮಳೆ ನೆನಪಿದ್ಯಲ್ಲ, ಸರ್ಜಾಪುರ ರೋಡು, ಯಮಲೂರು, ಬೆಳ್ಳಂದೂರು ಕಡೆ ವಿಲ್ಲಾಗಳಲ್ಲಿ ಕೋಟಿ ಕೋಟಿ ಕಾರು ಕಿಟಕಿವರೆಗೂ ಮುಳುಗಿ ನಿಂತಿದ್ದು, ಟ್ರ್ಯಾಕ್ಟರಲ್ಲಿ ಜನ ಆಫೀಸಿಗೆ ಹೋಗಿದ್ದು. ಆ ಕಾರೆಲ್ಲ ಎಲ್ಲಿಗೆ ಹೋಯ್ತು ಅಂತ ಯಾರಾದ್ರೂ ಯೋಚನೆ ಮಾಡಿದ್ರಾ? ನಾನು ನೋಡಿದ ಒಂದು ಕಾರು, ಬಿಳೀ ಬಣ್ಣ, ಪಾಲಿಶ್ ಹೊಡೆದು ಕನ್ನಡಿ ಥರ ಇಟ್ಟಿದ್ರು, ಒಳಗೆ ಮಲ್ಲಿಗೆ ಸೆಂಟು. ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಭಾಯ್ ಬಾನೆಟ್ ತೆಗೀಲಿಲ್ಲ, ಎಂಜಿನ್ ಕೇಳಲಿಲ್ಲ, ಸೀದಾ ಹಿಂದಿನ ಸೀಟಿಗೆ ಹೋಗಿ ಕೂತು ಸೀಟ್ ಬೆಲ್ಟ್ ಎಳೆಯೋಕೆ ಶುರು ಮಾಡಿದ. ಎಳೆದ, ಎಳೆದ, ನಾವು ಯಾವತ್ತೂ ಅಷ್ಟು ಉದ್ದ ಎಳೆದಿರಲ್ಲ, ಕೊನೇ ಒಂದಡಿ ಹೊರಗೆ ಬಂದಾಗ ಅಲ್ಲೊಂದು ಗೆರೆ, ಗೆರೆಯಿಂದ ಆಚೆ ಬೆಲ್ಟು ಕಂದು ಬಣ್ಣ, ಬೆರಳಲ್ಲಿ ಉಜ್ಜಿದ್ರೆ ಸಣ್ಣ ಮಣ್ಣು. ಡೀಲರ್ ಕಡೆ ಹುಡುಗ "ಕಾಫಿ ಚೆಲ್ಲಿರ್ಬೇಕು ಸಾರ್" ಅಂದ. ಭಾಯ್ ಏನೂ ಮಾತಾಡದೆ ಬೆಲ್ಟ್ ಬಿಟ್ಟ, ಅದು ಸರಕ್ ಅಂತ ಒಳಗೆ ಹೋಯ್ತು, ನಾವು ಹೊರಗೆ ಬಂದ್ವಿ.

ಇದಕ್ಕೂ ಇನ್ಶೂರೆನ್ಸಿಗೂ ಸಂಬಂಧ ಇದೆ, ಅದನ್ನ ಯಾರೂ ಬಿಡಿಸಿ ಹೇಳಲ್ಲ. ಕಾರಿಗೆ ವಯಸ್ಸಾದ ಹಾಗೆ ಐಡಿವಿ ಇಳೀತಾ ಹೋಗುತ್ತೆ, ಅಂದ್ರೆ ಇನ್ಶೂರೆನ್ಸ್‌ನವರ ಲೆಕ್ಕದಲ್ಲಿ ಕಾರಿನ ಬೆಲೆ. ಆದ್ರೆ ಬಂಪರು, ಹೆಡ್‌ಲೈಟು, ರೇಡಿಯೇಟರು, ಏರ್‌ಬ್ಯಾಗು ಇವುಗಳ ರೇಟು ಇಳಿಯಲ್ಲ, ವರ್ಷ ವರ್ಷ ಏರುತ್ತೆ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದ್ರೆ ಟೋಟಲ್ ಲಾಸ್, ಅಂದ್ರೆ ಕಾರು ಪೂರ್ತಿ ಹೋಯ್ತು ಅಂತ ಬರೀತಾರೆ. 22 ಲಕ್ಷ ಐಡಿವಿ ಇದ್ರೆ ಹದಿನಾರೂವರೆ ಲಕ್ಷ. ಮಾರುತಿ ಕಾರಿನಲ್ಲಿ ಟೋಟಲ್ ಲಾಸ್ ಆಗ್ಬೇಕು ಅಂದ್ರೆ ಲಾರಿ ಕೆಳಗೆ ಹೋಗ್ಬೇಕು, ಇಂಥ ಕಾರಿನಲ್ಲಿ ಮುಂದೆ ಹೋಗೋ ಟ್ರ್ಯಾಕ್ಟರ್ ಟ್ರೇಲರಿಗೆ ಸರಿಯಾಗಿ ಒಂದು ಸಲ ಗುದ್ದಿ ನಾಲ್ಕು ಏರ್‌ಬ್ಯಾಗ್ ಬಿಚ್ಕೊಂಡ್ರೆ ಸಾಕು. ಅದೂ ಏರ್‌ಬ್ಯಾಗು, ಪ್ಲಾಸ್ಟಿಕ್ಕು, ರಬ್ಬರಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಕಡಿದೇ ಕೊಡೋದು, ಹಾಗೆ ಕಡಿಯದೆ ಕೊಡೋ ಝೀರೋ ಡೆಪ್ ಪಾಲಿಸಿ ಹಳೇ ಕಾರಿಗೆ ಸುಲಭಕ್ಕೆ ಸಿಗಲ್ಲ. ಹೀಗೆ ಟೋಟಲ್ ಲಾಸ್ ಆದ ಕಾರು ಗುಜರಿಗೆ ಹೋಗುತ್ತೆ ಅಂದ್ಕೊಂಡಿದ್ದೀರಾ, ಹರಾಜಲ್ಲಿ ಯಾರೋ ತಗೊಂಡು ಅಲ್ಲಿ ಇಲ್ಲಿ ಪಾರ್ಟ್ ಹೊಂದಿಸಿ, ಏರ್‌ಬ್ಯಾಗ್ ಇರೋ ಜಾಗದಲ್ಲಿ ಏನು ತುಂಬ್ತಾರೋ ದೇವರಿಗೇ ಗೊತ್ತು, ಪೇಂಟ್ ಹೊಡೆದು ಮತ್ತೆ ಡಾಕ್ಟರ್ ಕಾರ್ ಮಾಡ್ಬಿಡ್ತಾರೆ. ಆರ್‌ಸಿ ಕಾರ್ಡಲ್ಲಿ ಇದು ಯಾವುದೂ ಬರೆದಿರಲ್ಲ.

ಕೊನೆಗೆ ನಾನು ತಗೊಂಡ ಕಾರು 61 ಸಾವಿರ ಕಿ.ಮೀ. ಓಡಿತ್ತು, ಎಲ್ಲರೂ ಜಾಸ್ತಿ ಅಂದ್ರು. ಭಾಯ್ ಮಾತ್ರ ಇದೇ ತಗೊಳ್ಳಿ ಅಂದ. ಸರ್ವಿಸ್ ಹಿಸ್ಟರಿ ಪೂರ್ತಿ ಇತ್ತು, ಪೇಂಟ್ ದಪ್ಪ ಅಳೆಯೋ ಮೀಟರ್ ಇಟ್ಟು ನೋಡಿದ್ರೆ ಎಲ್ಲಾ ಕಡೆ ನೂರು ನೂರಿಪ್ಪತ್ತು ಮೈಕ್ರಾನು, ಒಂದು ಬಾಗಿಲು ಮಾತ್ರ ಇನ್ನೂರೈವತ್ತು, ಅದು ರೀಪೇಂಟು, ಪುಟ್ಟಿ ಮೆತ್ತಿಲ್ಲ. ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್ ಕಂಪ್ಯೂಟರಲ್ಲಿ ಇರೋ ಕಿಲೋಮೀಟರೂ ಮುಂದೆ ಮೀಟರಲ್ಲಿ ಇರೋ ಕಿಲೋಮೀಟರೂ ತಾಳೆ ನೋಡಿದ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ, ಯಾವ ವಾರ ಯಾವ ವರ್ಷದ್ದು ಅಂತ, ನಾಲ್ಕಕ್ಕೆ ನಾಲ್ಕೂ ಕಾರಿನಷ್ಟೇ ಹಳೇದು. ಅದನ್ನ ತೋರಿಸಿ 80 ಸಾವಿರ ಇಳಿಸ್ದೆ, ಭಾರೀ ಬುದ್ಧಿವಂತ ಅಂದ್ಕೊಂಡೆ. ಹೊಸ ಟೈರಿಗೆ ಆಗಿದ್ದು 1 ಲಕ್ಷ 8 ಸಾವಿರ.

ಕಾರು ತಗೊಂಡು ಏಳನೇ ತಿಂಗಳು. ಬೆಳಿಗ್ಗೆ ಅಂಗಡಿಗೆ ಹೊರಡೋಣ ಅಂತ ಹೊರಗೆ ಬಂದ್ರೆ ಕಾರು ಹಿಂದಿನ ಎಡಗಡೆ ಕುಸಿದು ಕೂತಿತ್ತು, ಎಮ್ಮೆ ಒಂದು ಕಾಲು ಮಡಚ್ಕೊಂಡು ಮಲಗಿದ ಹಾಗೆ. ಟೈರು ಮಡ್‌ಗಾರ್ಡ್ ಒಳಗೆ ಹೊಕ್ಕಿತ್ತು. ನಾನು ಪಂಕ್ಚರ್ ಅಂದ್ಕೊಂಡೆ, ಟೈರ್ ಗಟ್ಟಿ ಇದೆ. ಸ್ಟಾರ್ಟ್ ಮಾಡಿದ್ರೆ ಹಿಂದೆ ಎಲ್ಲೋ ಮಿಕ್ಸಿ ತಿರುಗಿದ ಹಾಗೆ ಗುರ್ ಅಂತ ಸದ್ದು, ಎರಡು ನಿಮಿಷಕ್ಕೆ ಮೆಲ್ಲಗೆ ಎದ್ದು ನಿಲ್ತು, ರಾತ್ರಿ ಮತ್ತೆ ಕೂತ್ಕೊಳ್ತು. ಇಂಥ ಕಾರಿನಲ್ಲಿ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ, ಅದಕ್ಕೊಂದು ಕಂಪ್ರೆಸರ್ ಇರುತ್ತೆ. ಬೆಂಗಳೂರಿಗೆ ತಗೊಂಡು ಹೋದೆ, ಭಾಯ್ ಕಾರ್ ಎತ್ತಿ, ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಹೊಡೆದ. ರಬ್ಬರ್ ಮಡಿಕೆ ಬೀಳೋ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದಾದ ಮೇಲೊಂದು, ಒಡೆಯೋದು ಬರೋದು ಒಡೆಯೋದು ಬರೋದು. ಅಷ್ಟೇ ರೋಗ. ಚೀಲ ಬಿರುಕು ಬಿಟ್ಟು ಗಾಳಿ ಸೋರುತ್ತೆ, ಸೋರಿದ್ದನ್ನ ತುಂಬೋಕೆ ಕಂಪ್ರೆಸರ್ ಹಗಲೂ ರಾತ್ರಿ ದುಡಿಯುತ್ತೆ, ಹಾಗೇ ಬಿಟ್ರೆ ಅದೂ ಸುಟ್ಟೋಗುತ್ತೆ. ಪೈಪಿನ ತುದಿಯ ಫುಟ್‌ವಾಲ್ವ್ ಲೀಕ್ ಇಟ್ಕೊಂಡು ಮೋಟರ್ ಸುಡಿಸ್ಕೊಂಡು ಬರೋ ರೈತರಿಗೆ ದಿನಾ ಬೈಯೋನು ನಾನು, ನನ್ನ ಕಾರಲ್ಲೇ ಅದಾಗಿತ್ತು.

ಕಂಪನಿ ವರ್ಕ್‌ಶಾಪಲ್ಲಿ ಎರಡೂ ಕಡೆ ಚೀಲ, ಕಂಪ್ರೆಸರ್ ಸೇರಿ 1 ಲಕ್ಷ 90 ಸಾವಿರಕ್ಕೆ ಎಸ್ಟಿಮೇಟ್ ಕೊಟ್ರು. ಭಾಯ್ ಹೊರಗಡೆ ಮಾಲು ತರಿಸಿ ಚೀಲ ಎರಡನ್ನೂ ಬದಲಾಯಿಸಿ 62 ಸಾವಿರಕ್ಕೆ ಮುಗಿಸ್ದ, ಕಂಪ್ರೆಸರ್ ಸದ್ಯಕ್ಕೆ ಬದುಕಿದೆ. ನಾನು ಅಲ್ಲೇ ಸ್ಟೂಲ್ ಮೇಲೆ ಕೂತು ಗೊಣಗ್ತಾ ಇದ್ದೆ, ಸೆಕೆಂಡ್ ಹ್ಯಾಂಡ್ ಕಾರಿಗೆ ಇಷ್ಟು ದುಡ್ಡಾ ಅಂತ. ಅವನು ಕೈ ಒರೆಸ್ಕೊಳ್ತಾ "ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ನೀವು ಸಾರ್, ಕಾರಿಗೆ ಅದು ಗೊತ್ತಿಲ್ಲ" ಅಂದ. ನಿಮ್ಮ ಅರ್ಧ ಪುಟದ ಲೇಖನದಲ್ಲಿ ಈ ಒಂದು ಸಾಲು ಇದ್ದಿದ್ರೆ ನಾನು ಈ ಪತ್ರ ಬರೀತಾನೇ ಇರ್ಲಿಲ್ಲ. ಕಾರಿನ ರೇಟು 24ಕ್ಕೆ ಇಳಿದಿದೆ, ಟ್ಯಾಕ್ಸು, ಪಾರ್ಟು, ಲೇಬರ್, ಟೈರು ಎಲ್ಲಾ ಇನ್ನೂ 68 ಲಕ್ಷದ ಮನೆಯಲ್ಲೇ ಸಂಸಾರ ಮಾಡ್ತಿವೆ.

ಗೇರ್‌ಬಾಕ್ಸ್ ಆಯಿಲ್ ವಿಷಯ ಒಂದು ಹೇಳಿ ಮುಂದೆ ಹೋಗ್ತೀನಿ, ಇದು ತುಂಬಾ ಜನಕ್ಕೆ ಉಪಯೋಗ ಆಗುತ್ತೆ. ಇಂಥ ತುಂಬಾ ಕಾರುಗಳಲ್ಲಿ ಇರೋದು ಝಡ್‌ಎಫ್ ಅನ್ನೋ ಜರ್ಮನ್ ಕಂಪನಿಯ 8 ಗೇರಿನ ಆಟೋಮ್ಯಾಟಿಕ್ಕು, ಚಿನ್ನದಂಥ ಗೇರ್‌ಬಾಕ್ಸು. ಆದ್ರೆ ಅದರ ಆಯಿಲ್ ಲೈಫ್ ಟೈಮ್, ಬದಲಾಯಿಸೋದೇ ಬೇಡ ಅಂತ ಕಾರು ಮಾರೋರು ಹೇಳ್ತಾರೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿ.ಮೀ. ಒಳಗೆ ಬದಲಾಯಿಸಿ ಅಂತಾರೆ. ಯಾರ ಲೈಫು ಅಂತ ಕೇಳ್ಬೇಕು, ಮೊದಲ ಓನರ್‌ಗೆ ನಾಲ್ಕೈದು ವರ್ಷಕ್ಕೆ ಆ ಕಾರಿನ ಜೊತೆ ಲೈಫು ಮುಗಿದಿರುತ್ತೆ, ಆಮೇಲಿನ ಲೈಫು ನಮ್ಮದು. ನಾನು 48 ಸಾವಿರ ಕೊಟ್ಟು ಆಯಿಲು, ಆಯಿಲ್ ನಿಲ್ಲೋ ಪ್ಯಾನು ಬದಲಾಯಿಸ್ದೆ, ಹಳೇ ಆಯಿಲ್ ಡಿಕಾಕ್ಷನ್ ಆಗಿತ್ತು.

ಬ್ಯಾಟರಿ ಕಥೆ, ಬ್ರೇಕ್ ಡಿಸ್ಕ್ ಕಥೆ ಬಿಡ್ತೀನಿ. ಡೀಸೆಲ್ ಬಿಟ್ಟು ಎರಡೂವರೆ ವರ್ಷಕ್ಕೆ ಇನ್ಶೂರೆನ್ಸ್, ಸರ್ವಿಸ್ ಎಲ್ಲಾ ಸೇರಿ ಐದೂವರೆ ಲಕ್ಷ ದಾಟಿದೆ, ಒಂದೊಂದು ಬಿಲ್ಲೂ ಫೈಲ್ ಮಾಡಿದ್ದೀನಿ. ಈ ಕಾರಿನಲ್ಲಿ ನನಗೆ ಅಗ್ಗ ಅನ್ಸಿದ್ದು ಎರಡೇ, ಥರ್ಡ್ ಪಾರ್ಟಿ ಇನ್ಶೂರೆನ್ಸು, ಅದು 2022ರ ದರದಲ್ಲಿ 1500 ಸಿಸಿ ಮೇಲಿನ ಎಲ್ಲಾ ಕಾರಿಗೂ 7,897 ರೂಪಾಯಿ, ಮತ್ತೆ 2025ರಲ್ಲಿ 3,000 ರೂಪಾಯಿಗೆ ಬಂದ ಟೋಲ್‌ನವರ ವರ್ಷದ ಪಾಸು. ಆ ಟೋಲ್ ಪಾಸಲ್ಲಿ ಮಾತ್ರ ನಾನೂ ಆಲ್ಟೋದವನೂ ಒಂದೇ.

ಹಳ್ಳಿ ಕಡೆ ಬಂದ್ರೆ ಇನ್ನೊಂದು ರಾಮಾಯಣ. ನಮ್ಮೂರು ಗುಬ್ಬಿ ತಾಲ್ಲೂಕು. ಊರೊಳಗೆ ಹೋಗೋಕೆ ಮುಂಚೆ ಮೂರು ಹಂಪು, ಯಾರೋ ಪುಣ್ಯಾತ್ಮರು ರಾತ್ರೋರಾತ್ರಿ ಮಣ್ಣು ಸಿಮೆಂಟು ಸೇರಿಸಿ ಸಮಾಧಿ ಥರ ಕಟ್ಟಿರೋದು. ಮೊದಲ ಸಲ ಕೆಳಗೆ ಕರ್ ಅಂತ ಉಜ್ಜಿದ್ದು ನನ್ನ ಹೊಟ್ಟೆಗೇ ಉಜ್ಜಿದ ಹಾಗಾಯ್ತು. ಈಗ ಹಂಪ್ ಬಂದ ತಕ್ಷಣ ಎಲ್ಲರೂ ಇಳೀತಾರೆ, ನಾನು ಬಟನ್ ಒತ್ತಿ ಕಾರ್ ಎತ್ತರ ಮಾಡ್ಕೊಂಡು ಅಡ್ಡಡ್ಡ ದಾಟಿಸ್ತೀನಿ, ಅವರು ಹಿಂದೆ ನಡ್ಕೊಂಡು ಬಂದು ಮತ್ತೆ ಹತ್ತಿ ಕೂರ್ತಾರೆ. ಮೂರು ಹಂಪಿಗೆ ಮೂರು ಸಲ. ಊರವರಿಗೆ ಈಗ ಅದೊಂದು ಮಜಾ. ನಮ್ಮ ತಂದೆಗೆ ಎಪ್ಪತ್ತೆಂಟು, ಮೊದಲ ದಿನ ಕೂತೋರು ಏಳೋಕಾಗದೆ "ಏನಪ್ಪ, ಇಷ್ಟು ದುಡ್ಡು ಕೊಟ್ಟು ಚಾಪೆ ಮೇಲೆ ಕೂರೋ ಗಾಡಿ ತಂದಿದ್ದೀಯಲ್ಲ, ಎಬ್ಬಿಸೋಕೆ ಇನ್ನೊಬ್ರು ಬೇಕು" ಅಂದ್ರು. ಅವರು ಅಂದಿದ್ದು ಸರಿ, ಮಂಡಿ ನೋವಿರೋರು ಇರೋ ಮನೆಗೆ ಇದಲ್ಲ. ಡಿಕ್ಕಿ ಮಾತ್ರ ಭರ್ಜರಿ, ನಲವತ್ತು ತೆಂಗಿನಕಾಯಿ, ಎರಡು ಮೂಟೆ ರಾಗಿ ನುಂಗಿ ಇನ್ನೂ ಜಾಗ ಇರುತ್ತೆ. ಒಂದು ಸಲ ಚೇಳೂರಿಂದ ಸಿದ್ದು ಹಲಸು ಎರಡು ಹಾಕ್ಕೊಂಡು ಬಂದು ಒಂದನ್ನ ಮರೆತುಬಿಟ್ವಿ, ಬಿಸಿಲಲ್ಲಿ ಮೂರು ದಿನ. ಲೆದರ್ ಸೀಟಿಂದ ಆ ವಾಸನೆ ಹೋಗೋಕೆ ಗೌರಿ ಹಬ್ಬ ಬಂತು.

ಇಷ್ಟೆಲ್ಲ ಗೋಳು ಹೇಳಿ ಯಾಕೆ ಇಟ್ಕೊಂಡಿದ್ದೀಯ ಅಂತ ಕೇಳ್ತೀರ. ಬೆಳಿಗ್ಗೆ ಐದಕ್ಕೆ ತುಮಕೂರು ಬಿಟ್ರೆ ಶಿರಾ ದಾಟೋ ಹೊತ್ತಿಗೆ ಬೆಳಕು ಹರಿಯುತ್ತೆ, ಹಿರಿಯೂರು ಆದ ಮೇಲೆ ರೋಡು ಖಾಲಿ, ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗ್ತಾ ಇರುತ್ತೆ, ಕಾರಲ್ಲಿ ಸದ್ದೇ ಇಲ್ಲ, ನೂರರಲ್ಲಿ ಎಂಜಿನ್ ಹದಿನೈದು ನೂರು ಆರ್‌ಪಿಎಂ ಕೂಡ ದಾಟಿರಲ್ಲ, ನನ್ನ ಹೆಂಡ್ತಿ ಫ್ಲಾಸ್ಕ್ ಮುಚ್ಚಳದಲ್ಲಿ ಕಾಫಿ ಬಗ್ಗಿಸಿದ್ರೆ ಒಂದು ಹನಿ ಚೆಲ್ಲಲ್ಲ. ಧಾರವಾಡದಲ್ಲಿ ಇಳಿದಾಗ ಬೆನ್ನು ನೋವಿಲ್ಲ, ಕಾಲು ಜೋಮಿಲ್ಲ, ವಾಪಸ್ ಹೊರಡು ಅಂದ್ರೆ ಹೊರಟೆ. ಮುಂಚೆ ಇದ್ದ ಕಾರಲ್ಲಿ ಹಾವೇರಿ ಬರೋ ಹೊತ್ತಿಗೆ ಇಬ್ಬರೂ ಜಗಳ ಶುರು ಮಾಡ್ತಿದ್ವಿ. ಸ್ಪೀಡ್ ಹುಚ್ಚಿಗೆ ತಗೊಳ್ಳೋರಿಗೆ ಒಂದು ಮಾತು, ಇದು ಇನ್ನೂರೈವತ್ತರಲ್ಲಿ ಹೋಗೋಕೆ ಹುಟ್ಟಿದ ಗಾಡಿ ಇರಬಹುದು, ಆದ್ರೆ ನಮ್ಮ ರಾಜ್ಯದಲ್ಲಿ 2024ರ ಆಗಸ್ಟಿಂದ 130 ದಾಟಿದ್ರೆ ಎಫ್‌ಐಆರ್ ಹಾಕ್ತೀವಿ ಅಂದಿದ್ದಾರೆ. ಇದರ ಸುಖ ಇರೋದು ತೊಂಬತ್ತು ನೂರರಲ್ಲೇ.

ಲಂಡನ್ ಹತ್ರ ಇರೋ ನನ್ನ ತಂಗಿ ಮಗ ಫೋನಲ್ಲಿ ರೇಗಿಸ್ತಾ ಇರ್ತಾನೆ, ಮಾಮ, ಇಲ್ಲಿ ಹಳೇ ಬೆಂಟ್ಲಿ ಕಾಂಟಿನೆಂಟಲ್ ಜಿಟಿ 20 ಸಾವಿರ ಪೌಂಡ್ ಒಳಗೇ ಸಿಗುತ್ತೆ ಅಂತ. 2003ರಲ್ಲಿ ಅದು ಬಂದಾಗ 1 ಲಕ್ಷದ 10 ಸಾವಿರ ಪೌಂಡು, 12 ಸಿಲಿಂಡರು. ಅವನು ತಗೊಂಡಿಲ್ಲ, ಅಲ್ಲೂ ಇದೇ ಕಥೆಯಂತೆ, ಎಂಜಿನ್ ಎಷ್ಟು ಇಕ್ಕಟ್ಟಲ್ಲಿ ತುರುಕಿದ್ದಾರೆ ಅಂದ್ರೆ ಕೆಲವು ಸಣ್ಣ ಪೈಪ್ ಬದಲಾಯಿಸೋಕೂ ಇಡೀ ಎಂಜಿನ್ ಕೆಳಗೆ ಇಳಿಸ್ಬೇಕು. ಅಲ್ಲಿಂದ ತರಿಸೋಣ ಅಂತ ಆಸೆ ಪಡೋರೂ ಇದ್ದಾರೆ, ಮೂರು ವರ್ಷಕ್ಕಿಂತ ಹಳೇ ಕಾರು ತರೋಕೆ ಸಾಮಾನ್ಯರಿಗೆ ಬಿಡಲ್ಲ, ಬಿಟ್ರೂ ಸುಂಕ ಕಾರಿಗಿಂತ ಜಾಸ್ತಿ, ಆ ಆಸೆ ಬಿಟ್ಬಿಡಿ.

ಈಗ ನಿಮ್ಮಲ್ಲಿ ಕೇಳೋದು. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರ ಮಾಡೋರಿಗೆ ಆರ್‌ಟಿಒದಿಂದ ಅಧಿಕೃತ ಪತ್ರ ಇರ್ಬೇಕು, ಗಾಡಿ ಅವರ ಕೈಗೆ ಬಂದಿದ್ದನ್ನ ಇಲಾಖೆಗೆ ತಿಳಿಸ್ಬೇಕು, ಎಲ್ಲಿಗೆ ಓಡಿಸಿದ್ರು ಅಂತ ಟ್ರಿಪ್ ರಿಜಿಸ್ಟರ್ ಇಡ್ಬೇಕು ಅಂತ ಕೇಂದ್ರದ ನಿಯಮ ಇದೆ. ನಾನು ಸುತ್ತಿದ ಹನ್ನೊಂದು ಅಂಗಡಿಯಲ್ಲಿ ಆ ಪತ್ರ ಗೋಡೆ ಮೇಲೆ ನೋಡಿದ್ದು ಎರಡು ಕಡೆ. ನಿಮ್ಮ ವರದಿಗಾರರು ಒಂದು ದಿನ ಗಿರಾಕಿ ಥರ ಹೋಗಿ ಪತ್ರ ತೋರಿಸಿ ಅಂತ ಕೇಳಿ ನೋಡ್ಲಿ, ಏನು ಉತ್ತರ ಬರುತ್ತೆ ಅಂತ ಬರೀಲಿ. ಟೋಟಲ್ ಲಾಸ್ ಆದ ಕಾರಿನ ವಿಷಯ ಇನ್ಶೂರೆನ್ಸ್‌ನವರ ಹತ್ರ ಇದ್ದೇ ಇರುತ್ತೆ, ಅದನ್ನ ಆರ್‌ಸಿಯಲ್ಲೇ ಒಂದು ಸಾಲು ಹಾಕಿಸೋಕೆ ಸಾರಿಗೆ ಇಲಾಖೆಗೆ ಏನು ಕಷ್ಟ ಅಂತ ಕೇಳಲಿ. ಇನ್ನೊಂದು, ಇಂಥ ಕಾರಿನ ಬಗ್ಗೆ ಮುಂದೆ ಬರೆದಾಗ ಈಗಿನ ರೇಟಿನ ಪಕ್ಕದಲ್ಲೇ ಹೊಸದರಲ್ಲಿ ಎಷ್ಟಿತ್ತು ಅಂತಾನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ, ಎರಡನೇದು ನೋಡಿದ್ರೆ ಸಾಕು, ತಿಂಗಳ ಖರ್ಚು ಎಷ್ಟು ಬರುತ್ತೆ ಅಂತ ಜನಕ್ಕೆ ಅಂದಾಜು ಆಗುತ್ತೆ.

ಪಕ್ಕದ ಮನೆ ಹುಡುಗನಿಗೆ ನಾನು ಬೇಕು ಬೇಡ ಎರಡೂ ಹೇಳಲಿಲ್ಲ. ಕೀ ಕೊಟ್ಟೆ, ಕ್ಯಾತಸಂದ್ರ ದಾಟಿ ಹೈವೇಲಿ ಒಂದು ರೌಂಡ್ ಹೊಡ್ಕೊಂಡು ಬಾ ಅಂದೆ. ಮುಕ್ಕಾಲು ಗಂಟೆ ಬಿಟ್ಟು ಬಂದ, ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಕಾರಿಗೆ ಮನಸೋತಿದ್ದಾನೆ ಅಂತ. ಆಮೇಲೆ ಬಿಲ್ಲಿನ ಫೈಲ್ ಕೈಗಿಟ್ಟೆ. ಜಗಲಿ ಮೇಲೆ ಕೂತು ನಾಲ್ಕು ಹಾಳೆ ತಿರುವಿದ, ಟೈರ್ ಬಿಲ್ ಹತ್ರ ನಿಂತ, "ಅಂಕಲ್, ಇದನ್ನ ಮನೆಗೆ ತಗೊಂಡ್ಹೋಗ್ಲಾ, ಇವಳಿಗೆ ತೋರಿಸಿ ಕೊಡ್ತೀನಿ" ಅಂದ. ಇವತ್ತಿಗೆ ಐದು ದಿನ ಆಯ್ತು, ಫೈಲ್ ವಾಪಸ್ ಬಂದಿಲ್ಲ. ಮುಂದಿನ ತಿಂಗಳು ಇನ್ಶೂರೆನ್ಸ್ ರಿನ್ಯೂವಲ್ ಇದೆ, ಹಳೇ ಪಾಲಿಸಿ ಅದರಲ್ಲೇ ಇದೆ, ಇವತ್ತು ಸಂಜೆ ಹೋಗಿ ಕೇಳ್ಬೇಕು.

ಇಂತಿ,
ನಿಮ್ಮ ಹಳೇ ಓದುಗ,
ತುಮಕೂರು

(ಹೆಸರು ಹಾಕ್ಬೇಡಿ ಸಾರ್, ಅಂಗಡಿಗೆ ಬರೋರು ಪಂಪಿನ ರೇಟ್ ಇನ್ನೂ ಕಮ್ಮಿ ಮಾಡು ಅಂತಾರೆ.)